ಎಂಜಲು ಗಾಳಿಯ ಚರಿತ್ರೆ

ಮಧ್ಯಾಹ್ನ ಮೂರು ಗಂಟೆಯ ಮೀಟಿಂಗಿನಲ್ಲಿ ತೂಕಡಿಕೆ ಬಂದರೆ ನಾವು ಬೈಯೋದು ಊಟವನ್ನ. ‘ಅನ್ನ ಸ್ವಲ್ಪ ಜಾಸ್ತಿ ಆಯ್ತು’ ಅಂತಲೋ, ‘ಆ ಪಿಪಿಟಿ ನೋಡಿದ್ರೆ ಯಾರಿಗೆ ನಿದ್ದೆ ಬರಲ್ಲ’ ಅಂತಲೋ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಸಹೋದ್ಯೋಗಿಯೊಬ್ಬಳು ಅಂಗೈಯಗಲದ ಮೀಟರ್ ತಂದು ಮೀಟಿಂಗ್ ರೂಮಿನ ಮೇಜಿನ ಮೇಲಿಟ್ಟಳು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ತೋರಿಸೋ ಯಂತ್ರ. ಎಂಟು ಜನರ ಕೋಣೆಯಲ್ಲಿ ಹನ್ನೊಂದು ಜನ ಕೂತಿದ್ದೆವು. ಬಾಗಿಲು ಹಾಕುವಾಗ 600 ಇದ್ದದ್ದು ಮುಕ್ಕಾಲು ಗಂಟೆಯಲ್ಲಿ 2,300 ದಾಟಿತು. ಟೆರೇಸಿಗೆ ಒಯ್ದು ನೋಡಿದರೆ ಅದೇ ಮೀಟರಿನಲ್ಲಿ 430.

ಈ ಸಂಖ್ಯೆಯ ಅರ್ಥ ಇಷ್ಟೇ: ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಇಂಗಾಲದ ಡೈಆಕ್ಸೈಡ್ ಅಂತ. ಪಿಪಿಎಂ ಅನ್ನೋದು ಇದನ್ನೇ. ನಾವು ಹೊರಬಿಡುವ ಉಸಿರಿನಲ್ಲಿ ಅದು ಸುಮಾರು 40,000 ಇರುತ್ತದೆ. ಲೆಕ್ಕ ಹಾಕಿ ನೋಡಿ: 2,300 ತೋರಿಸುವ ಕೋಣೆಯಲ್ಲಿ ನಾವು ಎಳೆದುಕೊಳ್ಳುವ ಇಪ್ಪತ್ತು ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು. ಬಾಟಲಿಗೆ ತುಟಿ ತಾಗಿಸದೆ ಎತ್ತಿ ನೀರು ಕುಡಿಯೋ ಜನ ನಾವು. ಎಂಜಲು ಅಂದರೆ ಮುಖ ಸಿಂಡರಿಸುತ್ತೇವೆ. ಎಂಜಲು ಗಾಳಿಯನ್ನು ಮಾತ್ರ ಗಂಟೆಗಟ್ಟಲೆ ಹಂಚಿಕೊಂಡು ಸೇವಿಸುತ್ತೇವೆ, ಅದೂ ತಣ್ಣಗೆ ಮಾಡಿಕೊಂಡು!

‘ಎಸಿ ಇದೆಯಲ್ಲ, ಮತ್ಯಾಕೆ ಹೀಗೆ?’ ಅಂತ ನಮ್ಮ ಕಟ್ಟಡದ ಎಸಿ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ಕನ್ನು ಕೇಳಿದೆ. ಅವರು ನಕ್ಕರು.

‘ಎಸಿ ಗಾಳಿ ತರಲ್ಲ ಸರ್. ಇರೋ ಗಾಳಿನೇ ತಣ್ಣಗೆ ಮಾಡಿ ತಿರುಗಿಸುತ್ತೆ. ಹೊರಗಿನ ಗಾಳಿಗೆ ಬೇರೆ ಡಕ್ಟ್ ಇದೆ, ಅದಕ್ಕೊಂದು ಡ್ಯಾಂಪರ್ ಇದೆ. ಅದನ್ನ ಮುಚ್ಚಿಟ್ಟಿದೀವಿ.’

‘ಯಾಕಣ್ಣಾ?’

‘ಮೇಲಿಂದ ಹೇಳಿದಾರೆ. ತೆಗೆದ್ರೆ ಕರೆಂಟ್ ಬಿಲ್ ಏರುತ್ತಂತೆ.’

ಮನೆಯ ಸ್ಪ್ಲಿಟ್ ಎಸಿಯಿಂದ ಹೊರಗೆ ಹೋಗುವ ಆ ಎರಡು ತಾಮ್ರದ ಪೈಪು ಗಾಳಿ ತರುತ್ತವೆ ಅಂದುಕೊಂಡವರಲ್ಲಿ ನಾನೂ ಒಬ್ಬ. ಅದರಲ್ಲಿ ಓಡಾಡೋದು ಶಾಖ ಹೊತ್ತೊಯ್ಯುವ ದ್ರವ ಮತ್ತು ಅನಿಲ, ಅಷ್ಟೇ. ಇರಲಿ. ಅವತ್ತು ನನ್ನನ್ನು ಕೊರೆದದ್ದು ಆ ಮೆಕ್ಯಾನಿಕ್ ಹೇಳಿದ ಕಾರಣ. ಒಬ್ಬ ಮನುಷ್ಯನಿಗೆ ಎಷ್ಟು ಹೊಸ ಗಾಳಿ ಬೇಕು ಅಂತ ಮೊದಲು ಲೆಕ್ಕ ಹಾಕಿದವರು ಯಾರು? ಆ ಲೆಕ್ಕವನ್ನು ಮುಚ್ಚಿಡುವ ಅಧಿಕಾರ ಯಾರಿಗೆ ಬಂತು? ಹುಡುಕುತ್ತಾ ಹೋದರೆ ಸಿಕ್ಕಿದ್ದು ಮುನ್ನೂರು ವರ್ಷದ ಜಗಳ.

ಅದರ ಮೊದಲ ದೃಶ್ಯ ಲಂಡನ್ನಿನ ಹೌಸ್ ಆಫ್ ಕಾಮನ್ಸಿನದು. ಕಿಕ್ಕಿರಿದ ಸಭೆ, ಮೇಣದಬತ್ತಿಯ ಹೊಗೆ, ಬೆವರು. 1723ರಲ್ಲಿ ಜಾನ್ ಥಿಯೋಫಿಲಸ್ ದೆಸಾಗುಲಿಯೆ ಎಂಬ ವಿಜ್ಞಾನಿ ಸಭಾಂಗಣದ ಮೇಲಿನ ಕೋಣೆಗಳಲ್ಲಿ ಒಲೆಗಳನ್ನು ಹೂಡಿದ. ಒಲೆ ಉರಿದರೆ ಬಿಸಿಗಾಳಿ ಮೇಲೇರುತ್ತದೆ, ಅದರ ಹಿಂದೆಯೇ ಸಭೆಯ ಕೆಟ್ಟ ಗಾಳಿಯೂ ಚಾವಣಿಯ ರಂಧ್ರಗಳಿಂದ ಎಳೆದುಕೊಂಡು ಹೋಗುತ್ತದೆ. ಯೋಜನೆ ಚೆನ್ನಾಗಿಯೇ ಇತ್ತು. ಆದರೆ ಆ ಕೋಣೆಗಳು ಶ್ರೀಮತಿ ಸ್ಮಿತ್ ಎಂಬ ಮೇಲ್ವಿಚಾರಕಿಯ ಸುಪರ್ದಿಯಲ್ಲಿದ್ದವು. ತನ್ನ ಜಾಗಕ್ಕೆ ಬಂದು ಸೇರಿದ ಈ ಒಲೆಗಳು ಆಕೆಗೆ ಇಷ್ಟವಾಗಲಿಲ್ಲ. ಸಭೆ ಸೇರಿ, ಕೆಳಗೆ ಎಲ್ಲರೂ ಬೆಂದ ಮೇಲಷ್ಟೇ ಒಲೆ ಹಚ್ಚಿಸುತ್ತಿದ್ದಳು. ಅಷ್ಟರಲ್ಲಿ ಸಭಾಂಗಣದ ಗಾಳಿಯೇ ಮೇಲಿನದಕ್ಕಿಂತ ಬಿಸಿಯಾಗಿರುತ್ತಿತ್ತು. ಗಾಳಿ ಹೊರಗೆ ಹೋಗುವ ಬದಲು ಒಳಕ್ಕೇ ಬರುತ್ತಿತ್ತು. ನಮ್ಮ ಡ್ಯಾಂಪರಿನ ಮೂಲಪುರುಷ, ಅಲ್ಲ, ಮೂಲಸ್ತ್ರೀ ಈಕೆಯೇ ಅನ್ನಬೇಕು.

ದೆಸಾಗುಲಿಯೆ ಸೋಲೊಪ್ಪಲಿಲ್ಲ. 1736ರಲ್ಲಿ ಏಳು ಅಡಿ ಅಗಲದ ಒಂದು ಗಾಳಿಚಕ್ರ ಕೂರಿಸಿ, ಅದನ್ನು ಕೈಯಿಂದ ತಿರುಗಿಸಲು ಒಬ್ಬ ಆಳನ್ನಿಟ್ಟ. ಆ ಆಳಿಗೆ ಅವನು ಕೊಟ್ಟ ಹೆಸರು ‘ವೆಂಟಿಲೇಟರ್’. ನಮ್ಮ ಅಜ್ಜಿಮನೆಯಲ್ಲಿ ಈ ಪದಕ್ಕೆ ಕಿಟಕಿಯ ಮೇಲಿನ ಪುಟ್ಟ ಕಿಂಡಿ ಅಂತ ಅರ್ಥ ಇತ್ತು. 2020ರಲ್ಲಿ ಅದು ಐಸಿಯು ಯಂತ್ರದ ಹೆಸರಾಗಿ ಮನೆಮನೆಗೂ ಬಂತು. ಎಲ್ಲಕ್ಕಿಂತ ಮೊದಲು ಅದು ಒಬ್ಬ ಮನುಷ್ಯ.

ಲೆಕ್ಕ ಶುರುವಾದದ್ದು 1824ರಲ್ಲಿ. ಥಾಮಸ್ ಟ್ರೆಡ್‌ಗೋಲ್ಡ್ ಎಂಬ ಇಂಗ್ಲಿಷ್ ಎಂಜಿನಿಯರ್, ಮನೆಯ ಸಾಮಾನಿನ ಚೀಟಿ ಬರೆದ ಹಾಗೆ ಪಟ್ಟಿ ಮಾಡಿದ: ಉಸಿರಿಗೆ ಇಷ್ಟು, ಬೆವರಿನ ತೇವ ಒಯ್ಯಲು ಇಷ್ಟು, ಮೇಣದಬತ್ತಿಗೆ ಇಷ್ಟು. ಒಟ್ಟು ಒಬ್ಬರಿಗೆ ನಿಮಿಷಕ್ಕೆ 4 ಘನ ಅಡಿ. ನಿಮಿಷಕ್ಕೆ ಒಂದು ಘನ ಅಡಿ ಅಂದರೆ ಸೆಕೆಂಡಿಗೆ ಸುಮಾರು ಅರ್ಧ ಲೀಟರ್. ಹಾಗಾಗಿ ಟ್ರೆಡ್‌ಗೋಲ್ಡ್ ಕೊಟ್ಟದ್ದು ಸೆಕೆಂಡಿಗೆ 2 ಲೀಟರ್, ಅಂದರೆ ಪ್ರತಿ ಸೆಕೆಂಡಿಗೆ ಎರಡು ನೀರಿನ ಬಾಟಲಿ ತುಂಬುವಷ್ಟು ಗಾಳಿ. ಬದುಕಿರಲು ಅದು ಸಾಕು. ಆದರೆ ಬದುಕಿರೋದು ಬೇರೆ, ಎಂಟು ಗಂಟೆ ಕೂತು ಕೆಲಸ ಮಾಡೋದು ಬೇರೆ.

ಆ ವ್ಯತ್ಯಾಸವನ್ನು ಅಳೆಯೋಕೆ ದಾರಿ ತೋರಿಸಿದವನು ಮ್ಯೂನಿಕ್ಕಿನ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್. 1858ರಲ್ಲಿ ಆತ ಕಟ್ಟಡಗಳ ಗಾಳಿಯ ಬಗ್ಗೆ ಪುಸ್ತಕ ಪ್ರಕಟಿಸಿದ. ತನ್ನ ಕೋಣೆಯ ಸಂದುಗೊಂದುಗಳಿಗೆಲ್ಲ ಕಾಗದ ಅಂಟಿಸಿ, ಗಾಳಿಯ ಓಡಾಟ ಎಷ್ಟು ಇಳಿಯುತ್ತದೆ ಅಂತ ಅಳೆದ ಮನುಷ್ಯ. ಅವನ ಮಾತಿನ ಸಾರ ಇದು: ಕಟ್ಟಡದ ಗಾಳಿ ಕೆಡುವುದು ಇಂಗಾಲದ ಡೈಆಕ್ಸೈಡಿನಿಂದ ಅಲ್ಲ, ಜನರ ಮೈಯಿಂದ ಹೊರಡುವ ನೂರೆಂಟು ಪದಾರ್ಥಗಳಿಂದ. ಅವನ್ನೆಲ್ಲ ಅಳೆಯಲಾಗದು. ಆದರೆ ಅವು ಬರುವ ಉಸಿರಿನ ಜೊತೆಯಲ್ಲೇ ಡೈಆಕ್ಸೈಡೂ ಬರುತ್ತದೆ, ಅದನ್ನು ಅಳೆಯಬಹುದು. ಹಾಲಿಗೆ ನೀರು ಎಷ್ಟು ಬೆರೆತಿದೆ ಅಂತ ಹೇಳೋ ಲ್ಯಾಕ್ಟೋಮೀಟರಿನ ಹಾಗೆ. ಕೋಣೆಯಲ್ಲಿ ಅದು ಸಾವಿರಕ್ಕೆ ಒಂದು ಪಾಲು ಮೀರಬಾರದು ಅಂದ. ಇಂದಿನ ಭಾಷೆಯಲ್ಲಿ 1,000 ಪಿಪಿಎಂ. ನಮ್ಮ ಮೇಜಿನ ಮೇಲಿದ್ದ ಮೀಟರಿನ ಹಸಿರು ದೀಪ ಹಳದಿಗೆ ತಿರುಗೋದೂ 1,000ಕ್ಕೇ.

ಹಾಗಾದರೆ ಕಾರ್ಖಾನೆಗಳ ಕಥೆ? ಅಲ್ಲಿ ಗಾಳಿ ಇದ್ದದ್ದು ಮನುಷ್ಯರಿಗಾಗಿ ಅಲ್ಲ, ನೂಲಿಗಾಗಿ. ಹತ್ತಿಯ ನೂಲು ಒಣಗಿದರೆ ಮಗ್ಗದಲ್ಲಿ ಪಟ್ ಅಂತ ತುಂಡಾಗುತ್ತದೆ. ಅದಕ್ಕೇ ಲ್ಯಾಂಕಷೈರಿನ ನೇಯ್ಗೆ ಗಿರಣಿಗಳಲ್ಲಿ ಕಿಟಕಿ ಮುಚ್ಚಿ, ಒಳಗೆ ಹಬೆ ಬಿಡುತ್ತಿದ್ದರು. ನೂಲು ಹದವಾಗಿರುತ್ತಿತ್ತು, ನೇಯುವವರು ತೊಯ್ದು ತೊಪ್ಪೆಯಾಗಿ ಸಂಜೆ ಚಳಿಗೆ ಹೊರಬೀಳುತ್ತಿದ್ದರು. ಅವರ ಕೂಗು ಪಾರ್ಲಿಮೆಂಟಿಗೆ ಮುಟ್ಟಿ 1889ರಲ್ಲಿ ಬಟ್ಟೆ ಗಿರಣಿಗಳಿಗಾಗಿಯೇ ಒಂದು ಕಾಯ್ದೆ ಬಂತು. ಹಬೆಗೆ ಮಿತಿ ಹಾಕಿದ್ದಲ್ಲದೆ, ಕೆಲಸಗಾರರೊಬ್ಬರಿಗೆ ಗಂಟೆಗೆ 600 ಘನ ಅಡಿ ಹೊಸ ಗಾಳಿ ಕೊಡಬೇಕು ಅಂದಿತು. ನಿಮಿಷಕ್ಕೆ 10 ಘನ ಅಡಿ ಆಯಿತು. ಗಾಳಿ ಅನ್ನೋದು ಮಾಲೀಕನ ಔದಾರ್ಯ ಅಲ್ಲ, ಅಂಕಿ ಸಮೇತ ಕೇಳಬಹುದಾದ ಹಕ್ಕು ಅಂತ ಆ ಕಾಯ್ದೆ ಬರೆದಿಟ್ಟಿತು.

ಅಮೆರಿಕದಲ್ಲಿ ಈ ಅಂಕಿ ಇನ್ನೂ ಮೇಲೇರಿತು. ಜಾನ್ ಶಾ ಬಿಲ್ಲಿಂಗ್ಸ್ ಸೈನ್ಯದಲ್ಲಿ ವೈದ್ಯನಾಗಿದ್ದವನು, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿನ್ಯಾಸ ಮಾಡಿದವನು, ಮುಂದೆ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮೊದಲ ನಿರ್ದೇಶಕನೂ ಆದವನು. ಅವನ ಕಾಲದ ದೊಡ್ಡ ಭಯ ಕ್ಷಯ. ಒಂದೇ ಕೋಣೆಯ ಗಾಳಿಯಿಂದ ರೋಗ ದಾಟುತ್ತದೆ ಅನ್ನೋದು ಅವನ ಆತಂಕ. 1893ರ ತನ್ನ ಪುಸ್ತಕದಲ್ಲಿ, ಒಬ್ಬರಿಗೆ ನಿಮಿಷಕ್ಕೆ ಕನಿಷ್ಠ 30 ಘನ ಅಡಿ ಬೇಕು, 60 ಆದರೆ ಒಳ್ಳೆಯದು ಅಂದ. ಎರಡೇ ವರ್ಷದಲ್ಲಿ ಅಲ್ಲಿನ ಎಂಜಿನಿಯರುಗಳ ಸಂಘ 30 ಅನ್ನು ಒಪ್ಪಿಕೊಂಡಿತು. 1920ರ ದಶಕದ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳ ಕಾನೂನಿನಲ್ಲಿ ಅದು ಸೇರಿತ್ತು. ಸೆಕೆಂಡಿಗೆ 14 ಲೀಟರ್. ಗಾಳಿಯ ಚರಿತ್ರೆಯಲ್ಲಿ ಅದು ಶಿಖರ. ಆಮೇಲೆ ಇಳಿಜಾರು.

ಇಳಿಜಾರು ಶುರುವಾದದ್ದು ಕೆಟ್ಟ ಉದ್ದೇಶದಿಂದಲ್ಲ, ಒಳ್ಳೆಯ ವಿಜ್ಞಾನದಿಂದಲೇ. 1905ರ ಸುಮಾರಿಗೆ ಬ್ರೆಸ್ಲಾವಿನಲ್ಲಿ ಕಾರ್ಲ್ ಫ್ಲೂಗ್ಗೆಯ ತಂಡ ಜನರನ್ನು ಗಾಳಿಯಾಡದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿತು. ಒಳಗಿದ್ದವರಿಗೆ ಚಡಪಡಿಕೆ. ನಳಿಕೆಯಿಂದ ಹೊರಗಿನ ಹೊಸ ಗಾಳಿ ಉಸಿರಾಡಿಸಿದರೂ ಅದು ಕಡಿಮೆಯಾಗಲಿಲ್ಲ. ಹೊರಗೆ ನಿಂತು ನಳಿಕೆಯಿಂದ ಒಳಗಿನ ಕೆಟ್ಟ ಗಾಳಿ ಎಳೆದುಕೊಂಡವರು ಮಾತ್ರ ಆರಾಮಾಗಿದ್ದರು! ಹಾಗಾದರೆ ಉಸಿರುಗಟ್ಟಿಸೋದು ಶಾಖ ಮತ್ತು ತೇವ, ಉಸಿರಾಡುವ ಗಾಳಿಯಲ್ಲ ಅನ್ನೋ ತೀರ್ಮಾನ ಬಂತು. ಆ ಹೊತ್ತಿನ ಚಡಪಡಿಕೆಯ ಮಟ್ಟಿಗೆ ಅದು ಸರಿ. ನಿಧಾನಕ್ಕೆ ಆಗುವ ತೊಂದರೆ, ರೋಗದ ಹರಡುವಿಕೆ ಆ ಪ್ರಯೋಗದೊಳಗೆ ಇರಲೇ ಇಲ್ಲ.

ಸರಿಯಾಗಿ ಅದೇ ಹೊತ್ತಿಗೆ ತಂಪು ಮಾಡುವ ಯಂತ್ರ ಬಂದಿತ್ತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ಮೊದಲ ವ್ಯವಸ್ಥೆಯನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಆಚೀಚೆ ಆಗುತ್ತಿದ್ದವು. 1906ರಲ್ಲಿ ‘ಏರ್ ಕಂಡೀಷನಿಂಗ್’ ಅನ್ನೋ ಹೆಸರು ಟಂಕಿಸಿದ ಸ್ಟುವರ್ಟ್ ಕ್ರೇಮರ್ ಬಟ್ಟೆ ಗಿರಣಿಗಳ ಎಂಜಿನಿಯರ್. ಗಮನಿಸಿದಿರಾ? ಎಸಿ ಹುಟ್ಟಿದ್ದು ಕಾಗದಕ್ಕೆ, ಅದಕ್ಕೆ ಹೆಸರು ಬಂದದ್ದು ನೂಲಿನಿಂದ. ನಮಗಾಗಿ ಅಲ್ಲ. ತಂಪಾಗಿದ್ದರೆ ಸಾಕು, ಗಾಳಿ ಹೊಸತೋ ಹಳತೋ ಯಾರು ಕೇಳುತ್ತಾರೆ ಅನ್ನೋ ನಂಬಿಕೆ ಅಲ್ಲಿಂದಲೇ ಗಟ್ಟಿಯಾಯಿತು.

1936ರಲ್ಲಿ ಹಾರ್ವರ್ಡಿನ ಯಾಗ್ಲೂ ಎಂಬಾತ ಮೂಗನ್ನೇ ಮೀಟರ್ ಮಾಡಿಕೊಂಡ. ಜನರನ್ನು ಕೋಣೆಯಲ್ಲಿ ಕೂರಿಸಿ, ಹೊರಗಿನಿಂದ ಬಂದವರಿಗೆ ಮೈವಾಸನೆ ಎಷ್ಟು ಬರುತ್ತದೆ ಅಂತ ಕೇಳಿ, ಅದು ಸಹ್ಯವಾಗಲು ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕಿದ. 1946ರ ಅಮೆರಿಕನ್ ಮಾನದಂಡದಲ್ಲಿ ಅಂಕಿ 10ಕ್ಕೆ ಇಳಿದಿತ್ತು. ರೋಗದ ಭಯದಿಂದ ಏರಿದ್ದ ಸಂಖ್ಯೆ ವಾಸನೆಯ ಮಟ್ಟಕ್ಕೆ ಬಂದು ನಿಂತಿತು.

ಆಮೇಲೆ ಬಂತು 1973ರ ಅಕ್ಟೋಬರ್. ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದವು, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಹೊರಗಿನ ಗಾಳಿ ಬಿಟ್ಟಿ ಸಿಗುತ್ತದೆ ನಿಜ. ಆದರೆ ಅದನ್ನು ಚಳಿಗಾಲದಲ್ಲಿ ಬಿಸಿ ಮಾಡಬೇಕು, ಬೇಸಿಗೆಯಲ್ಲಿ ತಣ್ಣಗೆ ಮಾಡಬೇಕು, ತೇವ ತೆಗೀಬೇಕು. ಅದಕ್ಕೆಲ್ಲ ದುಡ್ಡು. ಬಿಲ್ ಇಳಿಸೋಕೆ ಸುಲಭದ ದಾರಿ ಅಂದರೆ ಗಾಳಿ ಇಳಿಸೋದು. ಕಿಟಕಿಗಳು ತೆರೆಯದ ಗಾಜಾದವು, ಸಂದುಗಳಿಗೆ ಸೀಲು ಬಿತ್ತು. 1981ರಲ್ಲಿ ಎಂಜಿನಿಯರುಗಳ ಸಂಘವಾದ ಆಶ್ರೇಯ ಮಾನದಂಡ, ಧೂಮಪಾನ ಇಲ್ಲದ ಜಾಗಕ್ಕೆ ನಿಮಿಷಕ್ಕೆ 5 ಘನ ಅಡಿ ಸಾಕು ಅಂದಿತು. ಸೆಕೆಂಡಿಗೆ ಎರಡೂವರೆ ಲೀಟರ್. ನೂರೈವತ್ತು ವರ್ಷದ ವಿಜ್ಞಾನವೆಲ್ಲ ಮುಗಿದ ಮೇಲೆ ನಾವು ಹೆಚ್ಚುಕಡಿಮೆ ಟ್ರೆಡ್‌ಗೋಲ್ಡನ ಮೇಣದಬತ್ತಿಯ ಕಾಲಕ್ಕೆ ವಾಪಸ್!

ಇದನ್ನು ಪೆಟ್ಟೆನ್‌ಕೋಫರನ ಅಳತೆಯಲ್ಲಿ ನೋಡೋಣ. ಸುಮ್ಮನೆ ಕೂತ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಅವರಿಗೆ ಸೆಕೆಂಡಿಗೆ ಎರಡೂವರೆ ಲೀಟರ್ ಹೊಸ ಗಾಳಿ ಮಾತ್ರ ಕೊಟ್ಟರೆ ಕೋಣೆಯ ಮಟ್ಟ ಹೊರಗಿಗಿಂತ 2,000 ಮೇಲಕ್ಕೆ ಹೋಗಿ ನಿಲ್ಲುತ್ತದೆ. ಅಂದರೆ 2,400ರ ಆಸುಪಾಸು. ನಮ್ಮ ಮೀಟಿಂಗ್ ರೂಮಿನ 2,300 ನೆನಪಿದೆಯಾ? ನಾವು ಕೂತಿದ್ದದ್ದು ಬೆಂಗಳೂರಿನಲ್ಲಿ, ಉಸಿರಾಡ್ತಾ ಇದ್ದದ್ದು 1981ರ ಗಾಳಿಯನ್ನ.

ಸೀಲು ಹಾಕಿದ ಆ ಕಟ್ಟಡಗಳಿಂದ ದೂರುಗಳು ಶುರುವಾದವು. ತಲೆನೋವು, ಕಣ್ಣುರಿ, ಗಂಟಲು ಕೆರೆತ, ಸುಸ್ತು. ಪರೀಕ್ಷೆ ಮಾಡಿಸಿದರೆ ಏನೂ ಇಲ್ಲ, ಕಟ್ಟಡದಿಂದ ಹೊರಬಂದರೆ ವಾಸಿ. ಒಳಗೆ ಪಾರ್ಟಿಕಲ್ ಬೋರ್ಡಿನ ಫಾರ್ಮಾಲ್ಡಿಹೈಡ್, ಕಾರ್ಪೆಟ್ಟಿನ ಅಂಟು, ಜೆರಾಕ್ಸ್ ಯಂತ್ರದ ವಾಸನೆ. ಹೊರಗೆ ಹೋಗೋಕೆ ದಾರಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಮೊದಲ ಭಾಗದಲ್ಲಿ ಇದನ್ನು ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಎಂಬ ಹೆಸರಲ್ಲಿ ಗುರುತಿಸಿತು. 1989ರಲ್ಲಿ ಅದೇ ಎಂಜಿನಿಯರುಗಳ ಸಂಘ ತಪ್ಪು ತಿದ್ದಿಕೊಂಡು ಕನಿಷ್ಠ 15, ಆಫೀಸಿಗೆ 20 ಅಂದಿತು. ಆದರೆ ಆಗ ಕಟ್ಟಿದ ಗಾಜಿನ ಡಬ್ಬಿಗಳ ರೂಪ ಅಷ್ಟರಲ್ಲಿ ಜಗತ್ತಿನ ಫ್ಯಾಶನ್ ಆಗಿಬಿಟ್ಟಿತ್ತು. ವರ್ಷದ ಬಹುಪಾಲು ಕಿಟಕಿ ತೆಗೆದರೆ ಸಾಕಾಗುವ ನಮ್ಮ ಬೆಂಗಳೂರಿಗೂ ಅದೇ ಡಬ್ಬಿ ಬಂತು.

ನಮ್ಮ ಕಾನೂನಿನಲ್ಲಿ ಗಾಳಿ ಇಲ್ಲವಾ? ಇದ್ದೇ ಇದೆ. 1948ರ ಕಾರ್ಖಾನೆ ಕಾಯ್ದೆಯ 13ನೇ ಸೆಕ್ಷನ್ ಪ್ರತಿ ಕೋಣೆಗೂ ಹೊಸ ಗಾಳಿಯ ಓಡಾಟ ‘ಸಾಕಷ್ಟು’ ಇರಬೇಕು ಅಂದಿತು. 15ನೇ ಸೆಕ್ಷನ್ ಕೃತಕವಾಗಿ ತೇವ ಏರಿಸುವ ಕಾರ್ಖಾನೆಗಳದ್ದು, ಲ್ಯಾಂಕಷೈರಿನ ಹಬೆಯ ನೆರಳು ಅಲ್ಲಿ ಕಾಣುತ್ತದೆ. 16ನೇ ಸೆಕ್ಷನ್ ಹೊಸ ಕಾರ್ಖಾನೆಗಳಲ್ಲಿ ಪ್ರತಿ ಕೆಲಸಗಾರರಿಗೆ 14.2 ಘನ ಮೀಟರ್ ಜಾಗ ಇರಬೇಕು ಅಂತ ಗೊತ್ತುಮಾಡಿತು. ನೆಲದಿಂದ 4.2 ಮೀಟರಿಗಿಂತ ಮೇಲಿನದು ಲೆಕ್ಕಕ್ಕಿರಲಿಲ್ಲ. ಆ ಕಾಯ್ದೆಯಲ್ಲಿ ಜಾಗಕ್ಕೆ ಅಂಕಿ ಇತ್ತು, ಗಾಳಿಗೆ ‘ಸಾಕಷ್ಟು’ ಅನ್ನೋ ಪದ ಇತ್ತು. ಆದರೆ 14.2 ಘನ ಮೀಟರ್ ಜಾಗವನ್ನು ಮುಚ್ಚಿಟ್ಟರೆ, ಅದರೊಳಗೆ ಸುಮ್ಮನೆ ಕೂತ ಒಬ್ಬರ ಉಸಿರೇ ಒಂದು ಗಂಟೆಯಲ್ಲಿ ಅದನ್ನು 1,600 ದಾಟಿಸುತ್ತದೆ. ಹೊಲಿಗೆ ಮಿಷಿನ್ ತುಳಿಯುತ್ತಿದ್ದರೆ ಇನ್ನೂ ಬೇಗ. ಜಾಗ ಅನ್ನೋದು ಸಾಲಕ್ಕೆ ಸಿಕ್ಕ ವಾಯಿದೆ ಅಷ್ಟೇ. ತೀರಿಸೋಕೆ ಗಾಳಿಯೇ ಬರಬೇಕು.

ಬಿಲ್ಲಿಂಗ್ಸನ ಭಯಕ್ಕೆ ಮತ್ತೆ ಮರ್ಯಾದೆ ಬಂದದ್ದು 2020ರಲ್ಲಿ. ಆ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಒಂದು ರೆಸ್ಟೋರೆಂಟಿನಲ್ಲಿ ಮೂರು ಕುಟುಂಬಗಳು ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟಕ್ಕೆ ಕೂತಿದ್ದವು. ಒಂದರಲ್ಲಿ ಸೋಂಕಿತರೊಬ್ಬರಿದ್ದರು. ಕೊನೆಗೆ ಮೂರೂ ಮೇಜುಗಳಿಂದ ಹತ್ತು ಜನಕ್ಕೆ ಕೋವಿಡ್. ಕಿಟಕಿ ಇಲ್ಲದ ಹಾಲ್, ಎಗ್ಸಾಸ್ಟ್ ಫ್ಯಾನ್ ಬಂದ್, ಒಂದೇ ಎಸಿಯ ಗಾಳಿ ಆ ಮೂರು ಮೇಜುಗಳ ನಡುವೆ ಸುತ್ತುತ್ತಿತ್ತು. ಆಮೇಲೆ ಅಳೆದಾಗ ಹೊಸ ಗಾಳಿ ಸಿಕ್ಕಿದ್ದು ಒಬ್ಬರಿಗೆ ಸೆಕೆಂಡಿಗೆ ಸುಮಾರು 1 ಲೀಟರ್. ಟ್ರೆಡ್‌ಗೋಲ್ಡ್ ಕೊಟ್ಟದ್ದರ ಅರ್ಧ! 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆಯಲ್ಲದ ಕಟ್ಟಡಗಳಿಗೆ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಇರಲಿ ಅಂತ ಸಲಹೆ ಕೊಟ್ಟಿತು. ಐಸಿಯು ವೆಂಟಿಲೇಟರಿಗಾಗಿ ಫೋನ್ ಹಿಡಿದು ಓಡಾಡಿದ ನಮಗೆ ಕಿಟಕಿಯ ಮೇಲಿನ ವೆಂಟಿಲೇಟರ್ ನೆನಪಾಗೋಕೆ ಅಷ್ಟು ಕಾಲ ಬೇಕಾಯಿತು.

ರೋಗದ ಮಾತು ಬೇಡ, ಕೆಲಸದ ಮಾತೇ ಆಡೋಣ ಅನ್ನುವವರಿಗೂ ಒಂದು ಪ್ರಯೋಗ ಇದೆ. 2015ರಲ್ಲಿ ಹಾರ್ವರ್ಡಿನ ಸಂಶೋಧಕರು 24 ಉದ್ಯೋಗಿಗಳನ್ನು ಬೇರೆಬೇರೆ ದಿನ ಬೇರೆಬೇರೆ ಗಾಳಿಯಲ್ಲಿ ಕೂರಿಸಿ ನಿರ್ಧಾರ ತೆಗೆದುಕೊಳ್ಳುವ ಪರೀಕ್ಷೆ ಕೊಟ್ಟರು. ಯಾವ ದಿನ ಯಾವ ಗಾಳಿ ಅಂತ ಅವರಿಗೆ ಗೊತ್ತಿರಲಿಲ್ಲ. ರಾಸಾಯನಿಕ ಕಡಿಮೆ, ಹೊಸ ಗಾಳಿ ಹೆಚ್ಚು ಇದ್ದ ದಿನಗಳಲ್ಲಿ ಅಂಕಗಳು ಮಾಮೂಲಿ ಆಫೀಸಿನಂಥ ದಿನದ ಎರಡರಷ್ಟು ಬಂದವು. 24 ಜನರಿಂದ ಲೋಕಕ್ಕೆಲ್ಲ ತೀರ್ಪು ಕೊಡಲಾಗದು, ಒಪ್ಪೋಣ. ಆದರೆ ಒಂದು ಕಂಪನಿಗೆ ಕರೆಂಟಿನ ಖರ್ಚಿಗಿಂತ ಸಂಬಳದ ಖರ್ಚು ಎಷ್ಟೋ ದೊಡ್ಡದು. ಚಿಲ್ಲರೆ ಉಳಿಸಲು ಹೋಗಿ ತಲೆಗಳನ್ನೇ ಮಂಕು ಮಾಡೋದು ಯಾವ ಲೆಕ್ಕ?

ಹಾಗಂತ ಕಿಟಕಿ ತೆಗೆದರೆ ಎಲ್ಲವೂ ಸರಿ ಅಂತಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಪಕ್ಕದಲ್ಲಿ ಕಿಟಕಿ ತೆಗೆದರೆ ಬರೋದು ಹೊಗೆ, ದೆಹಲಿಯ ನವೆಂಬರಿನಲ್ಲಿ ಅದೇ ಅಪಾಯ. ಹೊರಗಿನ ಗಾಳಿಯನ್ನು ಸೋಸಿ ತರಬೇಕು. ಬಿಲ್ಲಿನ ಚಿಂತೆಗೂ ಉಪಾಯ ಇದೆ: ಹೊರಹೋಗುವ ತಂಪು ಗಾಳಿಯನ್ನು ಒಳಬರುವ ಬಿಸಿ ಗಾಳಿಯ ಪಕ್ಕದಲ್ಲೇ, ಬೆರೆಯದಂತೆ, ತೆಳುವಾದ ಪದರಗಳ ಮೂಲಕ ಹಾಯಿಸಿದರೆ ಹೋಗುವ ಗಾಳಿ ಬರುವ ಗಾಳಿಗೆ ತನ್ನ ತಂಪನ್ನು ದಾಟಿಸಿ ಹೋಗುತ್ತದೆ. ಇಂಥ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಕೊರತೆ ಇರೋದು ತಂತ್ರಜ್ಞಾನದ್ದಲ್ಲ.

ಕೊರತೆ ಶ್ರೀಮತಿ ಸ್ಮಿತ್ ಕಾಲದ್ದೇ. ಒಲೆ ಹಚ್ಚುವವಳು ಕೆಳಗಿನ ಸಭೆಯಲ್ಲಿ ಕೂರುತ್ತಿರಲಿಲ್ಲ. ಗಿರಣಿಯ ಕಿಟಕಿ ಮುಚ್ಚಿಸಿದವನು ಮಗ್ಗದ ಮುಂದೆ ನಿಲ್ಲುತ್ತಿರಲಿಲ್ಲ. ನಮ್ಮ ಡ್ಯಾಂಪರ್ ಮುಚ್ಚಿಸಿದವರೂ ಆ ಮೀಟಿಂಗ್ ರೂಮಿಗೆ ಕಾಲಿಟ್ಟವರಲ್ಲ. ಎಷ್ಟು ಗಾಳಿ ಬೇಕು ಅನ್ನೋದಕ್ಕೆ ಉತ್ತರ ಆಗಾಗ ಸಿಕ್ಕಿದೆ, ಆಗಾಗ ಕಳೆದೂ ಹೋಗಿದೆ. ಕೀಲಿ ಹಿಡಿದವರು ಒಂದು ಕಡೆ, ಉಸಿರಾಡುವವರು ಇನ್ನೊಂದು ಕಡೆ ಅನ್ನೋದು ಮಾತ್ರ ಬದಲಾಗಿಲ್ಲ.

ನಾವು ಮೀಟರಿನ ಫೋಟೋಗಳ ಸಮೇತ ಮೇಲ್ ಬರೆದೆವು. ಮೂರು ವಾರದ ಮೇಲೆ ಡ್ಯಾಂಪರ್ ಅರ್ಧ ತೆರೆಯಿತು, ಅದೇ ಕೋಣೆ 1,100ಕ್ಕೆ ಇಳಿಯಿತು. ಏಪ್ರಿಲ್ ಬಿಸಿಲು ಏರಿದಾಗ ಮೀಟರ್ ಮತ್ತೆ 1,900 ತೋರಿಸಿತು. ಯಾರು ಮುಚ್ಚಿದರು ಅಂತ ಯಾರಿಗೂ ಗೊತ್ತಿಲ್ಲ! ಮತ್ತೆ ಮೇಲ್, ಮತ್ತೆ ಅರ್ಧ. ಈಗ ಮೀಟರನ್ನು ಮೀಟಿಂಗ್ ರೂಮಿನ ಗೋಡೆಗೆ ಎಲ್ಲರಿಗೂ ಕಾಣೋ ಹಾಗೆ ತಗುಲಿಹಾಕಿದ್ದೇವೆ. 1,000 ದಾಟಿದರೆ ಯಾರಾದರೊಬ್ಬರು ಎದ್ದು ಬಾಗಿಲು ತೆಗೀತಾರೆ.

ನಮ್ಮ ಕೈಲಿ ಮೀಟರ್ ಇದೆ, ಮೇಲ್ ಬರೆಯೋ ಧೈರ್ಯ ಇದೆ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಟಾರ್ಗೆಟ್ ಮುಟ್ಟಿಸೋಕೆ ಬಗ್ಗಿ ಕೂತವರ ಕೈಲಿ ಎರಡೂ ಇಲ್ಲ. ಅವರಿಗೆ ಬೇಕಾದ್ದು 1889ರಲ್ಲಿ ಲ್ಯಾಂಕಷೈರಿನ ನೇಯುವವರಿಗೆ ಸಿಕ್ಕಿದ್ದೇ: ‘ಸಾಕಷ್ಟು’ ಅನ್ನೋ ಪದ ಅಲ್ಲ, ಒಂದು ಅಂಕಿ, ಮತ್ತೆ ಆ ಅಂಕಿಯನ್ನು ಬಂದು ಅಳೆಯೋ ಒಬ್ಬ ಇನ್ಸ್‌ಪೆಕ್ಟರ್.

ಮೊನ್ನೆ ಆ ಮೆಕ್ಯಾನಿಕ್ ಲಿಫ್ಟಿನಲ್ಲಿ ಸಿಕ್ಕಿದ್ದರು. ‘ಡ್ಯಾಂಪರ್ ಈಗ ತೆರೆದೇ ಇದೆ ತಾನೇ ಅಣ್ಣಾ?’ ಅಂದೆ.

‘ಇವತ್ತಿಗೆ ತೆರೆದಿದೆ ಸರ್,’ ಅಂದರು.